ತೋಳಿನ ಸಾಲುಗಳು

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ದರ್ಜಿಯ ಕಿವಿ, ಬೇಡವೆಂದರೂ ಪಕ್ಕದಲ್ಲಿದ್ದ ಅಕ್ಕತಂಗಿಯರ ಕಡೆಗೇ ಹೋಗುತ್ತಿತ್ತು. ಕಪ್ಪು ಕನ್ನಡಕದ ಅಕ್ಕ ಅರ್ಧ ಹೆಣೆದ ಸ್ವೆಟರನ್ನು ತೊಡೆಯ ಮೇಲೆ ಹರಡಿಕೊಂಡಿದ್ದಳು.

“ನೂಲಿಗೆ ಬಣ್ಣ ಹಾಕೋದು ಬಿಟ್ಟೆ. ಮಗ್ಗಾನೂ ಮೂಲೆ ಸೇರ್ತು. ಹೆಣಿಗೆಗೆ ಮಾತ್ರ ಕಣ್ಣು ಬೇಡ, ಬೆರಳು ಸಾಕು.”

“ಹೌದಕ್ಕ. ಒಂದು ಕುಣಿಕೆನೂ ತಪ್ಪಿಲ್ಲ.”

ಸಾಲುಗಳ ಮೇಲೆ ಹರಿದು ಬರುತ್ತಿದ್ದ ಅಕ್ಕನ ಬೆರಳು ತೋಳಿನ ಹತ್ತಿರ ನಿಂತಿತು.

“ಈ ನಾಲ್ಕು ಸಾಲು ನಂದಲ್ಲ.”

“ಮತ್ತಿನ್ಯಾರದು?”

“ನನ್ನ ಕೈ ಬಿಗಿ ಕಣೇ. ಇದು ಸಡಿಲ, ನಿನ್ನ ಕೈ. ಇಲ್ಲೂ ಹಾಗೇ ಇದೆ.”

ತಂಗಿ ಸ್ವೆಟರನ್ನು ತನ್ನತ್ತ ಎಳೆದುಕೊಳ್ಳಲು ನೋಡಿದಳು; ಅಕ್ಕ ಬಿಡಲಿಲ್ಲ.

“ಯಾವಾಗಿಂದ ಬಿಚ್ಚಿ ಹೆಣೀತಿದೀಯ?”

“ಎರಡು ತಿಂಗಳಾಯ್ತು. ಮಧ್ಯಾಹ್ನ ನೀನು ಮಲಗಿದಾಗ.”

“ಅಷ್ಟು ತಪ್ತಿದ್ನಾ?”

“ಅಲ್ಲೊಂದು ಇಲ್ಲೊಂದು, ಅಷ್ಟೇ.”

ಅಕ್ಕ ಕೊನೆಯ ಅಂಚಿನವರೆಗೂ ತಡವಿದಳು.

“ಇಡೀ ತೋಳು ನಿಂದೇ.”

ಒಳಗಿಂದ ನರ್ಸ್ ಕರೆದಳು. ಅಕ್ಕ ಸ್ವೆಟರನ್ನು ಕಡ್ಡಿಗಳ ಸಮೇತ ತಂಗಿಯ ಮಡಿಲಿಗಿಟ್ಟು ಎದ್ದಳು.

“ನಡಿ. ಡಾಕ್ಟರು ಏನು ಹೇಳ್ತಾರೋ ನೀನೇ ಕೇಳಿಸ್ಕೊ. ನಂಗೆ ಗೊತ್ತಾಯ್ತು.”

ಅವರಿಬ್ಬರೂ ಒಳಗೆ ಹೋದರು. ದರ್ಜಿ ತಾನೇ ಹೊಲಿದುಕೊಂಡಿದ್ದ ಅಂಗಿಯ ತೋಳನ್ನು ಮೆಲ್ಲಗೆ ತಡವಿ ನೋಡಿಕೊಂಡ.