ವಿಹಾರದ ಕಪಾಟಿನಲ್ಲಿದ್ದ ಪಾಸ್‌ಪೋರ್ಟ್

ನಾನು, ಪ್ರಣಾಲಿ ತಂದೆ ದಿವಂಗತ ನರಸಿಂಗ, ವಯಸ್ಸು 34 ವರ್ಷ, ಉದ್ಯೋಗ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು, ಸಾಕಿನ್ ವಿಹಾರದ ಹಿಂದಿನ ಓಣಿ, ಭಾಲ್ಕಿ, ಠಾಣೆಗೆ ಖುದ್ದಾಗಿ ಬಂದು ಹೇಳಿ ಬರೆಸುವುದೇನೆಂದರೆ:

ನನ್ನ ಕೆಲಸವೆಲ್ಲ ಲ್ಯಾಪ್‌ಟಾಪಿನಲ್ಲಿ ನಡೆಯುತ್ತದೆ. ಕೆಲಸ ಕೊಡುವವರು ಯುರೋಪಿನವರು, ಹಣ ಬರುವುದು ಹೊರದೇಶದ ಖಾತೆಗೆ. ಮೂರು ವರ್ಷಗಳಿಂದ ಮಲೇಷ್ಯಾ, ವಿಯೆಟ್ನಾಂ ಹೀಗೆ ದೇಶ ಬದಲಿಸುತ್ತ ಇದ್ದೇನೆ. ಯಾವ ದೇಶದಲ್ಲೂ ಅಲ್ಲಿನ ತೆರಿಗೆ ಬೀಳುವಷ್ಟು ಕಾಲ ನಿಲ್ಲುವುದಿಲ್ಲ. ಇದು ಕಾನೂನಿಗೆ ವಿರುದ್ಧವಲ್ಲ. ಇದನ್ನು ಕೇಳಿ ಮುಖ ಸಿಂಡರಿಸುವವರಿಗೂ ಇದನ್ನೇ ಹೇಳುತ್ತೇನೆ.

ದಿನಾಂಕ 14-04-2025ರಂದು, ಜಯಂತಿಯ ದಿನ, ಊರಿಗೆ ಬಂದೆ. ಮೇ ತಿಂಗಳಲ್ಲಿ ನನ್ನ ತಾಯಿ ಭಾಗೀರಥಿಬಾಯಿ, ವಯಸ್ಸು 61 ವರ್ಷ, ಇವರಿಗೆ ಬೀದರಿನಲ್ಲಿ ಮಂಡಿಯ ಆಪರೇಶನ್ ಆಯಿತು. ಅವರಿಗೆ ಸ್ನಾನ ಮಾಡಿಸುವುದು, ಕೈ ಹಿಡಿದು ನಡೆಸುವುದು ನಾನೇ ಮಾಡಿದೆ. ಇರುವ ದಿನಗಳು ಹೆಚ್ಚುತ್ತಿದ್ದುದರಿಂದ ಜೂನ್‌ನಲ್ಲಿ ಬೀದರಿನ ತೆರಿಗೆ ಸಲಹೆಗಾರರಾದ ಶರಫೋದ್ದೀನ ಇವರನ್ನು ಕಂಡೆ. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ 182 ದಿನ ಭಾರತದಲ್ಲಿದ್ದರೆ ತೆರಿಗೆಯ ಮಟ್ಟಿಗೆ ನಾನು ಇಲ್ಲಿನ ನಿವಾಸಿಯಾಗುತ್ತೇನೆ, ಹೊರದೇಶದಿಂದ ದುಡಿದ ಇಡೀ ವರ್ಷದ ಆದಾಯಕ್ಕೂ ಇಲ್ಲಿ ತೆರಿಗೆ ಬೀಳುತ್ತದೆ, ಬಂದ ದಿನವೂ ಹೋಗುವ ದಿನವೂ ಎಣಿಕೆಗೆ ಬರುತ್ತವೆ ಎಂದು ಅವರು ತಿಳಿಸಿದರು. ನನ್ನ 182ನೆಯ ದಿನ ಅಕ್ಟೋಬರ್ 12. ಆದ್ದರಿಂದ 10ನೆಯ ತಾರೀಖಿಗೆ ಹೈದರಾಬಾದಿನಿಂದ ವಿಮಾನದ ಟಿಕೆಟ್ ತೆಗೆದೆ. ತಾಯಿಗೂ ಅಣ್ಣನಿಗೂ ಕಾರಣ ಬಿಡಿಸಿ ಹೇಳಿದ್ದೆ.

ನಮ್ಮ ಓಣಿಯ ಬೌದ್ಧ ವಿಹಾರದಲ್ಲಿ ಆಷಾಢ ಹುಣ್ಣಿಮೆಯಿಂದ ಮೂರು ತಿಂಗಳು ವರ್ಷಾವಾಸ ನಡೆಯುತ್ತದೆ. ದಿನಾಲು ಸಂಜೆ ಒಬ್ಬರು ಧಮ್ಮಗ್ರಂಥ ಓದುತ್ತಾರೆ, ಉಳಿದವರು ಕೇಳುತ್ತಾರೆ. ಓದು ಆರಂಭಿಸಿದವರೇ ಮುಗಿಸಬೇಕು, ಮುಗಿಸಿದವರ ಮನೆಯಿಂದಲೇ ಎಲ್ಲರಿಗೂ ಖೀರು ಬಡಿಸಬೇಕು ಎಂಬುದು ನಮ್ಮ ಓಣಿಯ ರೂಢಿ. ಆರಂಭದ ಓದಿಗೆ ತಾಯಿ ನನ್ನ ಹೆಸರು ಕೊಟ್ಟರು. ಅಕ್ಟೋಬರ್ 7ರ ಹುಣ್ಣಿಮೆಗೆ ಮುಗಿಯುತ್ತದಲ್ಲ ಎಂದು ನಾನೂ ಒಪ್ಪಿ ಓದಿದೆ. ಆದರೆ ಸಮಾರೋಪಕ್ಕೆ ಬರಬೇಕಿದ್ದ ಭಿಕ್ಷು ಭಂತೇಜಿಯವರಿಗೆ ಅಂದು ಬಿಡುವಿಲ್ಲವೆಂದು ಸಮಿತಿಯವರು ಕೊನೆಯ ಓದನ್ನು 12ನೆಯ ತಾರೀಖಿನ ರವಿವಾರಕ್ಕೆ ಮುಂದೆ ಹಾಕಿದರು. ನಾನಿರುವುದಿಲ್ಲ, ಬೇರೆಯವರು ಓದಲಿ ಎಂದೆ. ತಾಯಿ ಏನೂ ಅನ್ನಲಿಲ್ಲ. ಅವರು ಸುಮ್ಮನಾದರೆ ಒಪ್ಪಿದರೆಂದು ತಿಳಿಯುವಷ್ಟು ನಾನು ನಮ್ಮ ಮನೆಯನ್ನು ಮರೆತಿದ್ದೆ.

ದಿನಾಂಕ 09-10-2025ರಂದು ಬೆಳಿಗ್ಗೆ 8 ಗಂಟೆಗೆ ಸಾಮಾನು ಕಟ್ಟುವಾಗ ಲ್ಯಾಪ್‌ಟಾಪಿನ ಬ್ಯಾಗಿನಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ಇಡೀ ಮನೆ ತಡಕಾಡಿದೆ. ತಾಯಿಯೂ ಹುಡುಕಿದರು. ಆಪರೇಶನ್ ಆದ ಮಂಡಿಯನ್ನು ಕಷ್ಟಪಟ್ಟು ಬಾಗಿಸಿ ಮಂಚದ ಕೆಳಗೆ ಇಣುಕಿ, ಇಲ್ಲಿಲ್ಲ ಎಂದರು. ಬೇಡ ಬಿಡವ್ವಾ, ನೋವಾಗುತ್ತದೆ ಎಂದು ನಾನೇ ಎಬ್ಬಿಸಿ ಕೂರಿಸಿದೆ. ಅಣ್ಣ ಕೈಲಾಶ, ವಯಸ್ಸು 38 ವರ್ಷ, ಔರಾದದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕ, ಅಂದು ಸಂಜೆ ಬಸ್ಸಿಗೆ ಬಂದು, ಗಾಬರಿಯಾಗಬೇಡ, ಎಲ್ಲಿ ಹೋದೀತು ಎಂದ. ಮರುದಿನ ವಿಮಾನ ನನ್ನನ್ನು ಬಿಟ್ಟು ಹೋಯಿತು.

12ರಂದು ಬೆಳಿಗ್ಗೆ 11 ಗಂಟೆಗೆ ವಿಹಾರದಲ್ಲಿ ಕೊನೆಯ ಅಧ್ಯಾಯ ಓದಿದೆ. ಮುನ್ನೂರು ಜನ ಕುಳಿತಿರುವಾಗ ಓದುವುದಿಲ್ಲ ಎನ್ನಲಾಗಲಿಲ್ಲ. ಚೆನ್ನಾಗಿಯೇ ಓದಿದೆ, ಅದಕ್ಕೂ ನನಗೆ ಈಗ ಸಿಟ್ಟಿದೆ. ಬಿಳಿ ಸೀರೆ ಉಟ್ಟು ಮುಂದಿನ ಸಾಲಿನಲ್ಲಿದ್ದ ತಾಯಿ ಉದ್ದಕ್ಕೂ ಕಣ್ಣು ಒರೆಸಿಕೊಂಡರು.

ಖೀರು ಬಡಿಸಿ ಮುಗಿದ ಮೇಲೆ, ಸುಮಾರು 3 ಗಂಟೆಗೆ, ತಾಯಿಯ ಮಾತಿನಂತೆ ವಿಹಾರ ಸಮಿತಿಯ ಕಪಿಲ ಇವರು ಕಪಾಟಿನ ಬೀಗ ತೆಗೆದರು. ಮೈಕ್ ಸೆಟ್ಟಿನ ಹಿಂದಿನಿಂದ ಕರವಸ್ತ್ರದಲ್ಲಿ ಸುತ್ತಿದ ನನ್ನ ಪಾಸ್‌ಪೋರ್ಟ್ ತೆಗೆದು ಕೊಟ್ಟರು. ಭಾಗೀರಥಿಬಾಯಿ 8ರಂದು ಕೊಟ್ಟಿದ್ದರು, ಒಳಗೇನಿದೆ ಎಂದು ತನಗೆ ಗೊತ್ತಿರಲಿಲ್ಲ ಎಂದರು. ಅದು ನಿಜವಿರಬಹುದು.

ಯಾಕೆ ಹೀಗೆ ಮಾಡಿದೆಯವ್ವಾ ಎಂದು ತಾಯಿಯನ್ನು ಕೇಳಿದೆ. "ಎರಡು ದಿನದಾಗ ಏನ್ ಮುಳುಗ್ತದ? ವಿಮಾನ ಮತ್ತ ಬರ್ತದ. ನಮ್ಮ ಮನಿ ಓದು ಅರ್ಧಕ್ಕ ಬಿಡಬಾರ್ದು," ಎಂದರು. ಅವರಿಗೆ ದಿನದ ಲೆಕ್ಕ ತಲೆಗೆ ಹೋಗಿರಲಿಲ್ಲ ಎಂದು ಒಪ್ಪುತ್ತೇನೆ. ಅಣ್ಣನಿಗೆ ಹೋಗಿತ್ತು. ತಾಯಿ ಫೋನ್ ಮಾಡಿ ಹೇಳಿದ್ದರಿಂದ ಪಾಸ್‌ಪೋರ್ಟ್ ಎಲ್ಲಿದೆ ಎಂದೂ 8ರಿಂದಲೇ ಅವನಿಗೆ ಗೊತ್ತಿತ್ತು. ನನ್ನ ಮುಖ ನೋಡಿಯೇ ಹೇಳಿದ: "ನನ್ನ ಪಗಾರ ಕೈಗೆ ಬರೋ ಮೊದಲ ಟ್ಯಾಕ್ಸ್ ಕಟ್ ಆಗ್ತದ. ನೀ ಸರ್ಕಾರಿ ಹಾಸ್ಟೆಲ್‌ದಾಗ ಉಂಡು ಕಲ್ತಾಕಿ. ಯಾವ ದೇಶಕ್ಕೂ ಕಟ್ಟಂಗಿಲ್ಲ ಅಂದ್ರ ಹ್ಯಾಂಗ? ಒಂದು ವರ್ಷರೆ ಕಟ್ಟು."

ಅವನ ಮಾತು ಪೂರ್ತಿ ತಪ್ಪೆಂದು ನಾನು ಹೇಳುತ್ತಿಲ್ಲ. ಆ ಊಟದ ಋಣ ನನ್ನದು. ತೀರಿಸುವುದಿದ್ದರೆ ನಾನು ತೀರಿಸಬೇಕು, ನನ್ನ ಬ್ಯಾಗಿಗೆ ಕೈ ಹಾಕಿದ್ದು ತಿಳಿದೂ ಸುಮ್ಮನಿದ್ದು ಅವನು ತೀರಿಸುವುದಲ್ಲ.

13ರಂದು ಶರಫೋದ್ದೀನ ಇವರಲ್ಲಿಗೆ ಮತ್ತೆ ಹೋದೆ. ನನ್ನ ಇಚ್ಛೆಗೆ ವಿರುದ್ಧವಾಗಿ ತಡೆದ ದಿನಗಳನ್ನು ಎಣಿಕೆಯಿಂದ ಬಿಡಿ ಎಂದು ವಾದಿಸಿ ನೋಡಬಹುದು, ಗೆಲ್ಲುವ ಖಾತ್ರಿಯಿಲ್ಲ, ಅದಕ್ಕೂ ಪೊಲೀಸರಲ್ಲಿ ದೂರು ದಾಖಲಾಗಿರಬೇಕು ಎಂದರು. ಯಾರ ಹೆಸರನ್ನೂ ಹೇಳದೆ ದೂರು ಕೊಡಬಹುದೇ ಎಂದು ಕೇಳಿದೆ. "ತಗೊಂಡವ್ರ ಹೆಸರೇ ಇಲ್ಲಂದ್ರ ಅದು ಖಾಲಿ ಕಾಗದ ಆಗ್ತದ ಬೆಹನ್," ಎಂದರು.

ಆದ್ದರಿಂದ ಇಂದು ಬಂದಿದ್ದೇನೆ. ತಾಯಿಯೂ ಕರೆಯದೆ ನನ್ನ ಹಿಂದೆಯೇ ಆಟೋದಲ್ಲಿ ಬಂದು ಈ ಮೇಜಿನ ಎದುರು ನಿಂತು, "ನಾನೇ ತಗೊಂಡೇನ್ರಿ ಸಾಹೇಬ್ರ. ಆಕಿ ಕೆಲಸ ಆಗ್ತದಂದ್ರ ಕಳ್ಳಿ ಅಂತ ಬರ್ಕೋರಿ. ಕೈಲಾಶನ ಹೆಸರು ಬ್ಯಾಡ್ರಿ, ಅವಂದು ನೌಕರಿ ಅದರಿ," ಎಂದು ಹೇಳಿದರು. ಇಲ್ಲಿಯೂ ಅವರು ಉಳಿಸಲು ನೋಡಿದ್ದು ಮಗನ ನೌಕರಿಯನ್ನು. ನಾನು ಮಾಡುವುದೂ ನೌಕರಿಯೆಂದು ಅವರಿಗೆ ಇಂದಿಗೂ ಅನ್ನಿಸಿಲ್ಲ.

ಪಾಸ್‌ಪೋರ್ಟ್ ತೆಗೆದವರು ತಾಯಿ, ತಿಳಿದೂ ಸುಮ್ಮನಿದ್ದವನು ಅಣ್ಣ. ಎರಡನ್ನೂ ಬರೆಸಿದ್ದೇನೆ. ಆದರೆ ತಾಯಿಯನ್ನು ಆರೋಪಿ ಎಂದು ಬರೆಯಲು ನನ್ನ ಒಪ್ಪಿಗೆಯಿಲ್ಲ. ಇಬ್ಬರ ಮೇಲೂ ಯಾವ ಕ್ರಮವೂ ಬೇಡ. ಹಾಗಾದರೆ ಪ್ರಕರಣ ದಾಖಲಾಗುವುದಿಲ್ಲ, ಈ ಹೇಳಿಕೆ ತೆರಿಗೆಯವರ ಮುಂದೆ ಕೆಲಸಕ್ಕೆ ಬಾರದೆ ಹೋಗಬಹುದು ಎಂದು ನನಗೆ ತಿಳಿಸಲಾಗಿದೆ. ತಿಳಿದೇ ಹೇಳುತ್ತಿದ್ದೇನೆ. ತೆರಿಗೆ ಕಟ್ಟುತ್ತೇನೆ.

ಬರೆದದ್ದನ್ನು ನನಗೆ ಓದಿ ಹೇಳಿದ್ದಾರೆ. ಕೊನೆಯಲ್ಲಿ 'ಮನೆಯವರನ್ನು ಕ್ಷಮಿಸಿರುತ್ತೇನೆ' ಎಂದು ಒಂದು ಸಾಲು ಸೇರಿತ್ತು. ಅದನ್ನು ಹೊಡೆದುಹಾಕಿಸಿದ್ದೇನೆ, ಯಾಕೆಂದರೆ ಅದು ನಿಜವಲ್ಲ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ.

ಸ್ಥಳ: ಭಾಲ್ಕಿ
ದಿನಾಂಕ: 14-10-2025
ಸಹಿ: ಪ್ರಣಾಲಿ