ಬಾವಿ ಹತ್ತಿರ ಟಾರ್ಚ್ ಹಿಡಿದವರು

ದೀಪ ಸ್ವಲ್ಪ ಸಣ್ಣಗೆ ಮಾಡಿ. ಬಾಗಿಲು ಈಗಲೇ ಹಾಕಿಬಿಡಿ... ಆಮೇಲೆ ಹಾಕೋಕೆ ಯಾರೂ ಏಳಲ್ಲ. ಇದು ಯಾರೋ ಹೇಳಿದ್ದಲ್ಲ, ನಮ್ಮ ಚಿಕ್ಕಪ್ಪನ ಮಗನಿಗೇ ಆಗಿದ್ದು. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೊಂಡ ಅಂತ. ಸುಮ್ಮನೆ ಬಂದ ಹೆಸರಲ್ಲ ಅದು.

ಅವತ್ತು ರಾತ್ರಿ ಮೊಂಡ ರಿಪೇರಿ ಶೆಡ್ಡಿಗೆ ಬೀಗ ಹಾಕಿ, ಸ್ಪ್ಯಾನರು ಚೀಲ ಹೆಗಲಿಗೇರಿಸಿ, ನಡೆದುಕೊಂಡೇ ಮನೆ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಹಾಳು ಬಾವಿ. ಬಾವಿ ಪಕ್ಕ ಕಾರು... ಸಂಜೆ ನಿಂತದ್ದು, ನಿಂತ ಹಾಗೇ.

ಕಾರು ಅಂದರೆ ಈಗಿನ ಬೆಂಕಿಪೊಟ್ಟಣ ಅಲ್ಲ. ಎಂಟು ಸಿಲಿಂಡರು! ಮೂತಿ ಎಷ್ಟುದ್ದ ಅಂದರೆ, ಅದು ತಿರುವು ದಾಟಿ ಎಷ್ಟೋ ಹೊತ್ತಾದ ಮೇಲೆ ಡ್ರೈವರು ದಾಟುತ್ತಿದ್ದ. ಸ್ಟಾರ್ಟ್ ಮಾಡಿದರೆ ಪಕ್ಕದ ಬೀದಿಯಲ್ಲಿ ತಟ್ಟೆ ಲೋಟಗಳೆಲ್ಲ ತಾವಾಗೇ ಕೆಳಗಿಳಿದು ಬರುತ್ತಿದ್ದವು. ನಾನೇ ಒಂದು ಲೋಟ ಹಿಡಿದಿದ್ದೇನೆ.

ಅದು ಮೊಂಡನ ಅಣ್ಣನ ಕಾರು. ಪೆಟ್ರೋಲ್ ಹಾಕಿಸಿ ಟ್ಯಾಂಕಿನ ಮುಚ್ಚಳ ಜೇಬಿಗೆ ಹಾಕಿಕೊಂಡು ಮರೆಯೋದು ಆ ಅಣ್ಣನ ಚಾಳಿ. ಒಂದು ಸಲ ರೇಡಿಯೇಟರಿಗೆ ನೀರು ಸೇದೋಕೆ ಇದೇ ಬಾವಿಗೆ ಬಗ್ಗಿದಾಗ ಹಿತ್ತಾಳೆ ಮುಚ್ಚಳ ಜಾರಿ, ಬುಳುಕ್... ಹೋಯಿತು. ಯಾವುದೋ ಲಾರಿಯ ಮುಚ್ಚಳ ತಂದು ಬಿಗಿದ. ಅಲ್ಲಿಂದ ಶುರುವಾಯಿತು ನೋಡಿ. ಶೆಡ್ಡಿಂದ ಹೊರಟ ಕಾರು ಬಾವಿ ಹತ್ತಿರ ಬಂದು ಉಸಿರು ಬಿಡೋದು. ವಾಪಸ್ ತಳ್ಳಿ, ಪೆಟ್ರೋಲ್ ಇದೆಯಾ ಅಂತ ಟ್ಯಾಂಕ್ ತೆಗೆದು ನೋಡಿ, ಮತ್ತೆ ಹೊರಟರೆ ಮತ್ತೆ ಅಲ್ಲೇ. ಅದೇ ವರ್ಷ ಅಣ್ಣ ಜ್ವರದಲ್ಲಿ ತೀರಿಕೊಂಡ. ಜನ ಸುಮ್ಮನಿರ್ತಾರಾ? ಬಾವಿಯೊಳಗಿರೋದು ಕಾರಿನವನನ್ನು ತಿಂತು, ಈಗ ಕಾರು ಕೇಳ್ತಿದೆ ಅಂದರು.

ಅವತ್ತು ಸಂಜೆ ಚಿಕ್ಕಪ್ಪನೂ ಸೋತರು. "ಬೆಳಿಗ್ಗೆ ಗುಜರಿಯವನ ಲಾರಿ ಬರುತ್ತೆ. ಅಷ್ಟರೊಳಗೆ ತಾನಾಗಿ ಓಡಿಕೊಂಡು ಬಾಗಿಲಿಗೆ ಬಂದರೆ ಇರಲಿ. ಇಲ್ಲಾಂದ್ರೆ ತೂಕಕ್ಕೆ!"

ಅತ್ತಿಗೆ ಅಳಲಿಲ್ಲ. ಮೊಂಡನನ್ನು ಅಡುಗೆಮನೆ ಬಾಗಿಲಿಗೆ ಕರೆದು, "ಅವರದು ಅಂತ ಉಳಿದಿರೋದು ಆ ಸದ್ದೊಂದೇ ಕಣೋ. ತಂದುಬಿಡು," ಅಂದರು.

ಅದಕ್ಕೇ ಬಾವಿ ಹತ್ತಿರ ಒಬ್ಬನೇ ನಿಂತಿದ್ದ ಮೊಂಡ.

ಕೀಲಿ ತಿರುಗಿಸಿದ. ಗುರ್ರ್... ಗುರ್ರ್... ಒಂದು ಕೆಮ್ಮು. ಸತ್ತಿತು.

ಬಾನೆಟ್ ಎತ್ತಿದ. ಪ್ಲಗ್ಗಿನಲ್ಲಿ ಕಿಡಿ ಇದೆ. ಕಾರ್ಬುರೇಟರ್ ಬಿಚ್ಚಿದ, ಒಳಗೆ ಒಣಗಿದೆ. ಟಾರ್ಚನ್ನು ಮಡ್‌ಗಾರ್ಡ್ ಮೇಲಿಟ್ಟರೆ ಜಾರಿ ಠಣ್ ಅಂತ ನೆಲಕ್ಕೆ. ಎತ್ತಿಟ್ಟ. ಮತ್ತೆ ಠಣ್.

ಆಗ ಕೇಳಿಸಿತು... ಬಾವಿಯ ಒಳಗಿಂದ. ಸರ್ರ್... ಸರ್ರ್... ಒದ್ದೆ ಬಟ್ಟೆ ಕಲ್ಲಿಗೆ ಉಜ್ಜಿದ ಹಾಗೆ. ಮೇಲೆ ಬಂತು. ಆಮೇಲೆ ನೆಲದ ಮೇಲೆ... ತಪ್. ತಪ್. ತಪ್. ಸರಿಯಾಗಿ ಅವನ ಬೆನ್ನ ಹಿಂದೆ ಬಂದು ನಿಂತಿತು.

ನೀವಾಗಿದ್ದರೆ ಚಪ್ಪಲಿ ಅಲ್ಲೇ ಬಿಟ್ಟು ಓಡ್ತಿದ್ರಿ. ನಾನಾಗಿದ್ದರೆ ಎರಡು ಮಾತು ಬೈದು ವಾಪಸ್ ಇಳಿಸ್ತಿದ್ದೆ, ಅದು ಬೇರೆ ವಿಷಯ. ಮೊಂಡ ತಿರುಗಲೇ ಇಲ್ಲ.

"ಯಾರು?" ಅಂದ, ಪಿಸುಮಾತಲ್ಲಿ.

ತೊಟ್... ತೊಟ್... ನೀರು ತೊಟ್ಟಿಕ್ಕುವ ಸದ್ದು. ಅಷ್ಟೇ.

"ಯಾರಾದರೂ ಆಗಿರು. ಕಾರು ಮಾತ್ರ ಕೊಡಲ್ಲ. ಬಂದವನು ಸುಮ್ಮನೆ ನಿಲ್ಲಬೇಡ, ಟಾರ್ಚ್ ಹಿಡಿ."

ನೆಲದಲ್ಲಿ ಬಿದ್ದಿದ್ದ ಬೆಳಕು... ಎದ್ದಿತು.

"ಸ್ವಲ್ಪ ಎಡಕ್ಕೆ."

ಎಡಕ್ಕೆ ಬಂತು. ಬೆಳಕು ನಡುಗಲಿಲ್ಲ.

ಟ್ಯಾಂಕಿನಿಂದ ಪಂಪಿಗೆ ಬರುವ ಪೈಪು ಬಿಚ್ಚಿದ. ಒಂದು ಹನಿ ಇಲ್ಲ. ತುದಿಗೆ ಬೆರಳಿಟ್ಟ. ಪೈಪು ಬೆರಳನ್ನು ಚೀಪಿತು! ಪೆಟ್ರೋಲ್ ಕೊಡಬೇಕಾದ ಟ್ಯಾಂಕು ಒಳಕ್ಕೆ ಎಳೀತಿದೆ... ಯಾಕೆ?

ಅಷ್ಟರಲ್ಲಿ ಬೆಳಕು ಹಿಂದಕ್ಕೆ ಹೊರಟಿತು. ತಪ್, ತಪ್.

"ಏಯ್! ಕೆಲಸ ಇಲ್ಲಿದೆ. ನೀನೆಲ್ಲಿಗೆ?"

ಡಿಕ್ಕಿ ಪಕ್ಕ, ಪೆಟ್ರೋಲ್ ಮುಚ್ಚಳದ ಮೇಲೆ ಹೋಗಿ ನಿಂತಿತು ಬೆಳಕು. ಮೊಂಡ ಬೈಯುತ್ತಲೇ ಹೋದ. ಮುಚ್ಚಳ ನೋಡಿದ, ಟಾರ್ಚ್ ಹಿಂದೆ ಇದ್ದದ್ದನ್ನು ನೋಡಲಿಲ್ಲ. ಕಿವಿ ಹತ್ತಿರ ತಣ್ಣಗೆ ಒಂದೇ ಮಾತು.

"ತೆಗಿ."

ತಿರುಗಿಸಿದ. ಸುಂಯ್ಯ್... ಮುಳುಗಿ ಎದ್ದವನು ಉಸಿರೆಳೆದ ಹಾಗೆ ಟ್ಯಾಂಕು ಗಾಳಿ ಎಳೆಯಿತು. ಮುಚ್ಚಳ ತಿರುವಿ ನೋಡಿದ. ಗಾಳಿಯಾಡೋಕೆ ತೂತೇ ಇಲ್ಲ! ಪೆಟ್ರೋಲ್ ಹೊರಗೆ ಹೋಗಬೇಕಾದರೆ ಅದರ ಜಾಗಕ್ಕೆ ಗಾಳಿ ಬರಬೇಕು. ಹಿತ್ತಾಳೆ ಮುಚ್ಚಳಕ್ಕೆ ಸೂಜಿಮೊನೆಯಷ್ಟು ತೂತಿತ್ತು, ಇದಕ್ಕಿಲ್ಲ. ಟ್ಯಾಂಕ್ ತೆರೆದು ನೋಡಿದಾಗೆಲ್ಲ ಗಾಳಿ ತುಂಬಿಕೊಳ್ಳೋದು, ಬಾವಿ ಹತ್ತಿರ ಬರುವಷ್ಟರಲ್ಲಿ ಅದು ಮುಗಿಯೋದು.

ಮೊಂಡ ಬಾವಿಕಟ್ಟೆಗೆ ಹೋಗಿ ಆ ಮುಚ್ಚಳವನ್ನು ಒಳಗೆಸೆದ. "ತಗೋ! ಕೇಳಿಸ್ತಾ? ದೆವ್ವ ಅಲ್ಲ, ತೂತು!" ಅಂತ ದೆವ್ವದ ಎದುರಿಗೇ ಕೂಗಿದ. ನಮ್ಮ ವಂಶ ಅಂದರೆ ಹಾಗೆ.

ಟ್ಯಾಂಕಿನ ಬಾಯಿಗೆ ಬಟ್ಟೆ ತುರುಕಿದ. ಬಿಚ್ಚಿದ್ದೆಲ್ಲ ಜೋಡಿಸಿ, ತಿರುಗದೆ ಕೈ ಹಿಂದಕ್ಕೆ ಚಾಚಿದ. "ಕೊಡು." ಟಾರ್ಚ್ ಕೈಗೆ ಬಂತು... ಐಸಿನಷ್ಟು ತಣ್ಣಗೆ, ಒದ್ದೆಯಾಗಿ.

ಕೀಲಿ ತಿರುಗಿಸಿದ. ಘ್ರೋಂ! ಬಾವಿಕಟ್ಟೆಯ ಕಲ್ಲುಗಳು ಅದುರಿದವು. ದಾರಿಯಲ್ಲಿ ಎಲ್ಲೂ ನಿಲ್ಲಲಿಲ್ಲ. ಮನೆಯಲ್ಲಿ ತಟ್ಟೆಗಳು ಉದುರಿದ ಸದ್ದಿಗೇ ಅತ್ತಿಗೆ ಬಾಗಿಲು ತೆಗೆದಿದ್ದರು. ಬಾಗಿಲಿಗೆ ಒರಗಿ ಕಣ್ಣು ಮುಚ್ಚಿ ನಿಂತು ಕೇಳಿದರು.

ಚಿಕ್ಕಪ್ಪ ಎದ್ದು ಬಂದರು. ಮುಚ್ಚಳ ಎಸೆದದ್ದು, ಬಟ್ಟೆ ತುರುಕಿದ್ದು ಎಲ್ಲ ಮೊಂಡ ಹೇಳಿದ. "ಲಾರಿಯವನಿಗೆ ಬರಬೇಡ ಅಂತ ಹೇಳ್ತೀನಿ, ಬಿಡು. ಆದರೆ ಬಟ್ಟೆ ತುರುಕಿ ಪೆಟ್ರೋಲ್ ಗಾಡಿ ಓಡಿಸ್ತಾರೇನೋ ಕತ್ತೆ?" ಅಂತ ಆ ಬಟ್ಟೆ ಕೀಳೋಕೆ ಹೋದರು.

ಬಟ್ಟೆ ಇರಲಿಲ್ಲ. ಹಿತ್ತಾಳೆ ಮುಚ್ಚಳ ಇತ್ತು. ಬಿಗಿಯಾಗಿ ತಿರುಗಿಸಿದ್ದು, ಅಂಚಿಗೆ ಪಾಚಿ.

ಸುಳ್ಳು ಅನ್ನೋರು ಹೋಗಿ ನೋಡಿ ಬನ್ನಿ. ಕಾರು ಇನ್ನೂ ಇದೆ, ಓಡಿಸೋದು ಅತ್ತಿಗೆ. ರಾತ್ರಿ ಮುಚ್ಚಳ ಒರೆಸಿಟ್ಟರೆ ಬೆಳಿಗ್ಗೆ ಒದ್ದೆಯಾಗಿರುತ್ತೆ. ನಾನೇ ಮುಟ್ಟಿ ಮೂಸಿದ್ದೇನೆ... ಪೆಟ್ರೋಲಲ್ಲ. ಬಾವಿನೀರು.