ಗುಂಡಿಯಿಲ್ಲದ ಕಂಚಿನಂಗಿ

ಸಭೆಯ ಅಧ್ಯಕ್ಷತೆ ವಹಿಸಿರುವ ಜಿಲ್ಲಾ ಪಕ್ಷ ಸಮಿತಿಯ ಕಾರ್ಯದರ್ಶಿ ಕಾಮ್ರೇಡ್ ವಿಸ್ಸಾರಿಯೋನ್ ಫೋಮಿಚ್ ಅವರೇ, ದೂರದಿಂದ ದಯಮಾಡಿಸಿರುವ ಶಿಲ್ಪಿ ಮಹಾಶಯರೇ, ಎದೆ ತುಂಬ ಪದಕ ತೊಟ್ಟು ಬೆವರುತ್ತಾ ಕೂತಿರುವ ಮಾಜಿ ಯೋಧರೇ, ಕೆಂಪು ಟೈ ಕಟ್ಟಿಕೊಂಡ ಶಾಲೆಯ ಮಕ್ಕಳೇ, ಮತ್ತು ಹಿಂದಿನ ಸಾಲಿನಲ್ಲಿ ಆಗಲೇ ಸೂರ್ಯಕಾಂತಿ ಬೀಜ ಸುಲಿಯಲು ಶುರುಮಾಡಿರುವ ವೆರ್ಬೋವ್ಕಾದ ಸಮಸ್ತ ಸಭಿಕರೇ,

ಇಂದು ನನ್ನ ಗಂಡ, ಕರ್ನಲ್-ಜನರಲ್ ಯೆರೋಫೇಯ್ ಲುಕಿಚ್ ಶೆವೆಲ್ಯೋವ್ ಅವರಿಗೆ ಎಪ್ಪತ್ತು ತುಂಬಿತು. ಈ ಸಭೆ ಮುಗಿದ ಮೇಲೆ ಅವರು ಓದಿದ ಶಾಲೆಯ ಅಂಗಳದಲ್ಲಿ ಅವರ ಕಂಚಿನ ಪ್ರತಿಮೆಯ ಅನಾವರಣ ನಡೆಯಲಿದೆ. ಇಂಥ ಸಭೆಯಲ್ಲಿ ಸನ್ಮಾನಿತರೇ ಮಾತಾಡುವುದು ರೂಢಿ. ಅವರು ಮುಂದಿನ ಸಾಲಿನಲ್ಲಿ ಆರೋಗ್ಯವಾಗಿ ಕುಳಿತಿರುವಾಗ ಅವರ ಹೆಂಡತಿ ಏಕೆ ಎದ್ದು ನಿಂತಳು ಎಂದು ನೀವು ಕೇಳಬಹುದು. ಕೇಳಬೇಕು.

ಹೋದ ವಾರ ಕಾರ್ಯದರ್ಶಿಗಳು ನಮ್ಮ ಮನೆಗೆ ಬಂದಿದ್ದರು. ಎಲೆಕೋಸಿನ ಕಡುಬು ತಿಂದರು, ಚೆನ್ನಾಗಿದೆ ಎಂದರು, ಇನ್ನೊಂದು ತಿಂದರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, “ಅಗ್ನಿಯಾ ಸವೇಲ್ಯೆವ್ನಾ, ಜನರಲ್ ಅವ್ರಿಗೆ ಗಂಟಲು ಸರಿಯಿಲ್ಲ ಅಂತ ಕೇಳ್ದೆ. ನೀವೇ ನಾಲ್ಕು ಮಾತಾಡ್ಬಿಡಿ. ನೀವು ಹಲ್ಲಿನ ಡಾಕ್ಟ್ರು, ಬೇರೆಯವ್ರ ಬಾಯಿ ತೆಗೆಸಿದೀರೇ ಹೊರ್ತು ನಿಮ್ಮ ಬಾಯಿ ತೆಗೆದವರಲ್ಲ” ಎಂದರು. ನನ್ನ ಗಂಡನ ಗಂಟಲಿಗೆ ಏನೂ ಆಗಿಲ್ಲ. ಅವರು ಇಲ್ಲಿಂದ ಕೂಗಿದರೆ ನದಿಯಾಚೆಯ ಹಸುಗಳು ತಿರುಗಿ ನೋಡುತ್ತವೆ. ಕಾರ್ಯದರ್ಶಿಗಳಿಗೆ ಭಯವಿದ್ದದ್ದು ಗಂಟಲಿನದಲ್ಲ, ನಾಲಿಗೆಯದು. ಹೆಂಡತಿಯ ನಾಲಿಗೆ ಅಷ್ಟು ಅಪಾಯವಲ್ಲ ಎಂದುಕೊಂಡರು. ವಿಸ್ಸಾರಿಯೋನ್ ಫೋಮಿಚ್ ಅವರಿಗೆ ಇನ್ನೂ ಮದುವೆಯಾಗಿಲ್ಲ.

ಅವರು ಟೈಪ್ ಮಾಡಿಸಿಕೊಟ್ಟ ಹಾಳೆ ನನ್ನ ಕೈಯಲ್ಲೇ ಇದೆ, ಓದುತ್ತೇನೆ. “ಬಡ ಚಮ್ಮಾರನ ಮಗ. ಅಂತರ್ಯುದ್ಧದಲ್ಲಿ ಕುದುರೆ ಪಡೆಯ ಸಾಮಾನ್ಯ ಸವಾರ. ೧೯೩೭ರ ಹೊತ್ತಿಗೆ ದೂರಪೂರ್ವದಲ್ಲಿ ಡಿವಿಷನ್ನಿನ ದಳಪತಿ.” ಎಲ್ಲ ನಿಜ. ಕುದುರೆಯಿಂದ ಎಷ್ಟು ಸಲ ಬಿದ್ದರೆಂದು ಬರೆದಿಲ್ಲ, ಆದರೂ ನಿಜ. “ನಲವತ್ತೊಂದರಲ್ಲಿ ಶತ್ರುವನ್ನು ಡ್ನೀಪರ್ ದಂಡೆಯಲ್ಲಿ ತಡೆದರು, ನಲವತ್ತಮೂರರಲ್ಲಿ ಅದೇ ನದಿಯನ್ನು ದಾಟಿದರು, ಬರ್ಲಿನ್ನಿನವರೆಗೆ ಸೇನೆಯನ್ನು ನಡೆಸಿದರು.” ಅದೂ ನಿಜ. ಇವೆರಡರ ನಡುವೆ ಒಂದು ಸಾಲಿದೆ: “೧೯೩೮ರಿಂದ ೧೯೪೦ರವರೆಗೆ ವಿಶೇಷ ಸೇವೆಯಲ್ಲಿದ್ದರು.”

ಈ ಸಾಲು ಪ್ರತಿಮೆಯ ಕೆಳಗಿನ ಕಲ್ಲಿನ ಮೇಲೂ ಇದೆ. ನಮ್ಮ ಮನೆಯಲ್ಲಿ ಜಗಳ ನಡೆದದ್ದು ಇದಕ್ಕೇ. “ಆ ಸಾಲು ತೆಗೀರಿ, ಇಲ್ಲಾ ಪರದೆ ನೀವೇ ಎಳ್ಕೊಳ್ಳಿ. ನಾನು ಆ ಕಡೆ ತಲೆ ಹಾಕಲ್ಲ” ಎಂದರು ಜನರಲ್. “ಕಲ್ಲು ಕೆತ್ತಿ ಆಗೋಗಿದೆ ಯೆರೋಫೇಯ್ ಲುಕಿಚ್, ಸಾಲು ನಂದಲ್ಲ, ಮೇಲಿಂದ ಬಂದಿದ್ದು” ಎಂದರು ಕಾರ್ಯದರ್ಶಿಗಳು. “ಮೇಲಿನವ್ರೇ ಬಂದು ಪರದೆ ಎಳೀಲಿ ಹಾಗಾದ್ರೆ” ಎಂದು ಇವರು ಎದ್ದು ಹೋದರು. ಮೊನ್ನೆಯವರೆಗೂ ಈ ಸಮಾರಂಭಕ್ಕೆ ಪ್ರತಿಮೆ ಇತ್ತು, ಬ್ಯಾಂಡ್ ಇತ್ತು, ಜನರಲ್ ಇರಲಿಲ್ಲ.

ವಿಶೇಷ ಸೇವೆ ಎಂದರೇನು ಎಂದು ಮಕ್ಕಳು ಕೇಳಿಯಾರು. ಅದೊಂದು ಬಹಳ ಆಯ್ದ ಸೇವೆ, ಮಕ್ಕಳೇ. ಬೇಕೆಂದು ಅರ್ಜಿ ಹಾಕಿದರೆ ಸಿಗುವುದಿಲ್ಲ. ಅವರೇ ಮನೆಗೆ ಬಂದು ಕರೆದುಕೊಂಡು ಹೋಗುತ್ತಾರೆ. ಅಲ್ಲಿ ಬೆಲ್ಟು ಬೇಕಿಲ್ಲ, ಬೂಟಿನ ದಾರ ಬೇಕಿಲ್ಲ. ಅಂಗಿಯ ಗುಂಡಿಗಳನ್ನೂ ಬಾಗಿಲಲ್ಲೇ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ನನ್ನ ಗಂಡ ಜಪಾನಿನ ಗೂಢಚಾರ ಎಂದು ಅಲ್ಲಿ ಇವರಿಗೇ ತಿಳಿಸಿಕೊಟ್ಟರು. ಇವರಿಗೆ ಜಪಾನಿ ಭಾಷೆಯಲ್ಲಿ ಕುಡಿಯಲು ನೀರು ಕೇಳುವುದೂ ಬಾರದು. ಒಪ್ಪಿಕೋ ಎಂದರು, ಒಪ್ಪಲಿಲ್ಲ. ಒಪ್ಪದಿದ್ದಾಗ ಬಾಯಿಯ ಮೇಲೆ ಹೊಡೆಯುವುದು ಅಲ್ಲಿಯ ಪದ್ಧತಿಯಾಗಿತ್ತು.

ನಾನು ಆಗ ರೈಲ್ವೆ ಕಾಲೋನಿಯ ಹಲ್ಲಿನ ಚಿಕಿತ್ಸಾಲಯದಲ್ಲಿದ್ದೆ. ನಲವತ್ತರ ವಸಂತದಲ್ಲಿ ಒಂದು ದಿನ “ಮುಂದಿನವರು” ಎಂದೆ. ಹತ್ತಿಬಟ್ಟೆಯ ಕೋಟು ತೊಟ್ಟ ಒಬ್ಬ ಮುದುಕ ಬಂದು ಕುರ್ಚಿಯಲ್ಲಿ ಕೂತ. ಮುಖ ನೋಡಲಿಲ್ಲ, ನಮ್ಮ ಕಸುಬಿನವರು ಮೊದಲು ಬಾಯಿ ನೋಡುತ್ತೇವೆ. “ಎಷ್ಟು ದಿನದಿಂದ ನೋವು?” ಎಂದು ಕೇಳಿದೆ. “ನೋವೂ ಇಲ್ಲ, ಹಲ್ಲೂ ಇಲ್ಲ, ಅಗ್ನಿಯಾ. ಸಾಲಲ್ಲಿ ನಿಂತೇ ಬಂದೆ, ನುಗ್ಗಿ ಬರ್ಲಿಲ್ಲ” ಎಂದರು. ನಾನು ಅವತ್ತು ಉಳಿದ ರೋಗಿಗಳನ್ನು ಮನೆಗೆ ಕಳಿಸಿದೆ. ಆ ರೋಗಿಗಳಲ್ಲಿ ಯಾರಾದರೂ ಇಲ್ಲಿದ್ದರೆ ಕ್ಷಮಿಸಬೇಕು.

ಉಕ್ಕಿನ ಹಲ್ಲುಗಳನ್ನು ನಾನೇ ಕೂರಿಸಿದೆ. ಅವರಿಗೆ ಡಿವಿಷನ್ ವಾಪಸು ಕೊಟ್ಟರು, ತಪ್ಪಾಯಿತು ಎಂದು ಯಾರೂ ಹೇಳಲಿಲ್ಲ. ಯುದ್ಧದಲ್ಲಿ ಒಬ್ಬ ಪತ್ರಕರ್ತ, “ಕಾಮ್ರೇಡ್ ಜನರಲ್, ಫೋಟೋಗೆ ಒಂಚೂರು ನಗಿ” ಎಂದನಂತೆ. “ಹಲ್ಲು ನಮ್ಮ ಮನೆಯವಳ ಕೆಲ್ಸ ಕಣಯ್ಯ. ಅವಳನ್ನ ಕೇಳ್ದೆ ತೋರ್ಸಂಗಿಲ್ಲ” ಎಂದರಂತೆ ಇವರು. ಆ ಹಲ್ಲು ಕಚ್ಚಿಕೊಂಡೇ ಬರ್ಲಿನ್ನಿಗೆ ಹೋದರು. ನನಗೆ ಹೆಮ್ಮೆಯಿದೆ. ಈ ಮಾತು ಹಾಳೆಯಲ್ಲಿಲ್ಲ.

ಈಗ ಪ್ರತಿಮೆಯ ವಿಷಯ. ಎಳೆಯರಿಗೆ ಆದರ್ಶವಾಗಲೆಂದು ಯುವ ದಳಪತಿಯ ಮುಖವೇ ಬೇಕೆಂದು ಸಮಿತಿ ತೀರ್ಮಾನಿಸಿತು. ಸರಿ, ಆ ವಯಸ್ಸಿನ ಫೋಟೋ ಎಲ್ಲಿ? ನಮ್ಮ ಮನೆಯ ಫೋಟೋಗಳೆಲ್ಲ ಇವರ ಜೊತೆಯಲ್ಲೇ ವಿಶೇಷ ಸೇವೆಗೆ ಹೋಗಿದ್ದವು. ವಸ್ತುಸಂಗ್ರಹಾಲಯದ ರಿಮ್ಮಾ ಹಳೆಯ ಗೆಳೆಯರಿಗೆಲ್ಲ ಬರೆದಳು. ಎಲ್ಲರೂ ಕಳಿಸಿದರು, ಪಾಪ. ಡಿವಿಷನ್ನಿನ ಅಧಿಕಾರಿಗಳ ಒಂದೇ ಗುಂಪಿನ ಚಿತ್ರ ಎಲ್ಲ ಮನೆಗಳಿಂದ ಬಂತು. ಎಲ್ಲದರಲ್ಲೂ ನಡುವೆ ಕೂತವರ ಮುಖ ಮಾತ್ರ ಇರಲಿಲ್ಲ. ಕೆಲವರು ಶಾಯಿ ಬಳಿದಿದ್ದರು, ಕೆಲವರು ಉಗುರಿನಿಂದ ಕೆರೆದಿದ್ದರು. ಎರಡನೇ ಸಾಲಿನಲ್ಲಿ ಕೂತಿರುವ ನಮ್ಮ ಪೋರ್ಫಿರಿ ಇಲ್ಯಿಚ್ ಅವರ ಪ್ರತಿಯಲ್ಲಿ ಕತ್ತರಿಯಿಂದ ದುಂಡಗೆ ಕತ್ತರಿಸಿತ್ತು. ಅವರ ಹೆಂಡತಿ ಆಗಿನ ಕಾಲಕ್ಕೇ ಒಳ್ಳೆಯ ಹೊಲಿಗೆಗಾರ್ತಿ. ತಲೆ ತಗ್ಗಿಸಬೇಡಿ ಪೋರ್ಫಿರಿ ಇಲ್ಯಿಚ್. ಯಾರನ್ನಾದರೂ ಕರೆದುಕೊಂಡು ಹೋದರೆಂದರೆ ಎಲ್ಲ ಮನೆಗಳಲ್ಲೂ ಅವತ್ತು ಸಂಜೆ ಅದೇ ಕೆಲಸ. ಈ ಶಾಲೆಯಲ್ಲೂ ಟೀಚರ್ ಹೇಳಿ, ಮಕ್ಕಳು ಪುಸ್ತಕದ ಚಿತ್ರಗಳಿಗೆ ಶಾಯಿ ಬಳಿದಿದ್ದಾರೆ. ಕೊನೆಗೆ ಊರಿನ ವೀರನ ಯೌವನವೆಂದರೆ ಒಂದು ದುಂಡು ತೂತು ಎಂದಾಯಿತು.

ರಿಮ್ಮಾ ಕೈಚೆಲ್ಲುವ ಹುಡುಗಿಯಲ್ಲ. ವಿಶೇಷ ಸೇವೆಗೆ ಸಂಬಂಧಪಟ್ಟ ಇಲಾಖೆಗೆ ಬರೆದಳು. ಅಲ್ಲಿ ಏನನ್ನೂ ಕಳೆಯುವುದಿಲ್ಲ. ಒಂದು ಸ್ಪಷ್ಟವಾದ, ದೊಡ್ಡದಾದ ಫೋಟೋ ಬಂತು. ಯಾವಾಗ ತೆಗೆದದ್ದು, ಎಲ್ಲಿ ತೆಗೆದದ್ದು ಎಂದು ಬರೆದಿರಲಿಲ್ಲ, ಅವಳೂ ಕೇಳಲಿಲ್ಲ. ಕುರುಚಲು ಗಡ್ಡವನ್ನು ಅಳಿಸಿ ಪದಕಗಳನ್ನು ಬರೆಯಿಸಿದರು. ಶಿಲ್ಪಿ ಮಹಾಶಯರು ಅದನ್ನು ನೋಡಿ ಮಾಡಿದರು. ಮುಖದಲ್ಲಿ ಎಂಥ ಛಲ, ಎಂಥ ನೇರ ನೋಟ ಎಂದು ಎಲ್ಲರೂ ಹೊಗಳಿದರು. ನಾನೂ ಹೊಗಳುತ್ತೇನೆ.

ಮೊನ್ನೆ ಪರದೆ ಕಟ್ಟುವ ಮೊದಲು ನನ್ನನ್ನು ಕರೆದು ತೋರಿಸಿದರು. ಅಭ್ಯಾಸಬಲ, ಮೊದಲು ದವಡೆ ಮುಟ್ಟಿದೆ. ತುಟಿ ತುಂಬಿತ್ತು, ಕೆನ್ನೆ ಬತ್ತಿರಲಿಲ್ಲ. ಒಳಗೆ ಹಲ್ಲುಗಳಿದ್ದ ಬಾಯಿ ಅದು, ಅವರ ಸ್ವಂತ ಹಲ್ಲುಗಳು. ಆಮೇಲೆ ಕೊರಳಿಗೆ ಕೈ ಇಟ್ಟೆ, ಅಲ್ಲಿಂದ ಎದೆಗೆ ತಂದೆ. ಪದಕಗಳನ್ನು ಬರೆದ ಪುಣ್ಯಾತ್ಮ ಅಂಗಿಯನ್ನು ಸರಿಯಾಗಿ ನೋಡಿರಲಿಲ್ಲ. ಶಿಲ್ಪಿಗಳು ಪ್ರಾಮಾಣಿಕರು, ಇದ್ದದ್ದನ್ನು ಇದ್ದಹಾಗೆ ಮಾಡಿದ್ದಾರೆ. ಕಾಲರಿನಿಂದ ಕೆಳಗೆ ಒಂದೂ ಗುಂಡಿ ಇಲ್ಲ. ಗುಂಡಿ ಇರಬೇಕಾದಲ್ಲಿ ಕತ್ತರಿಸಿದ ದಾರದ ಎಳೆ ನಿಂತಿದೆ, ಕಂಚಿನದು.

ಗುಂಡಿ ಹೋಗಿದೆ, ಹಲ್ಲು ಇನ್ನೂ ಇದೆ. ಅದು ಮೊದಲನೆಯ ದಿನದ ಫೋಟೋ, ಸಭಿಕರೇ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಅತ್ತೆ. ಸಂತೋಷದ ಕಣ್ಣೀರು ಎಂದು ಕಾರ್ಯದರ್ಶಿಗಳು ಕರವಸ್ತ್ರ ಕೊಟ್ಟರು. ಒಗೆದಿಟ್ಟಿದ್ದೇನೆ, ವಿಸ್ಸಾರಿಯೋನ್ ಫೋಮಿಚ್. ನೀರು ಕುಡಿಯಿರಿ. ಎರಕ ಹೊಯ್ದಾಗಿದೆ, ಬ್ಯಾಂಡಿನವರು ಬಂದಾಗಿದೆ, ಪ್ರಾಂತದ ಪತ್ರಿಕೆಯ ಫೋಟೋದವನೂ ಹೊರಗೆ ಕಾಯುತ್ತಿದ್ದಾನೆ.

ಮನೆಗೆ ಬಂದು ಇವರಿಗೆ ಹೇಳಿದೆ. ಇವರು ಚಹಾದ ಲೋಟ ಕೆಳಗಿಟ್ಟರು. ಆಮೇಲೆ ನಾನು ಕೂರಿಸಿದ ಉಕ್ಕಿನ ಹಲ್ಲುಗಳೆಲ್ಲ ಕಾಣುವಂತೆ ನಕ್ಕರು. “ಕಲ್ಲಿನ ಮೇಲೆ ಅವ್ರಿಗೆ ಬೇಕಾದ್ದು ಬರ್ಕೊಳ್ಳಲಿ ಬಿಡೇ. ಗೊತ್ತಿದ್ದೋರು ಕೊರಳು ನೋಡ್ತಾರೆ. ನನ್ನ ಕೋಟು ಇಸ್ತ್ರಿ ಮಾಡು, ಪರದೆ ನಾನೇ ಎಳೀತೀನಿ” ಎಂದರು. ಇಸ್ತ್ರಿ ಮಾಡಿದ್ದೇನೆ, ನೋಡಿ. ಒಂದೊಂದು ಗುಂಡಿಯನ್ನೂ ಬಿಗಿಯಾಗಿ ಹೊಲಿದಿದ್ದೇನೆ.

ಇನ್ನು ಅಂಗಳಕ್ಕೆ ಹೋಗೋಣ. ಹೋಗುವ ಮುಂಚೆ, ಪ್ರತಿಮೆ ಕೊಟ್ಟ ಸಮಿತಿಗೆ, ಕಂಚಿನಲ್ಲಿ ಸುಳ್ಳು ಸೇರಿಸದ ಶಿಲ್ಪಿಗಳಿಗೆ, ಫೋಟೋ ಜೋಪಾನವಾಗಿಟ್ಟ ಇಲಾಖೆಗೆ, ಮತ್ತು ಅವತ್ತು ಅದನ್ನು ತೆಗೆದ ಹೆಸರು ತಿಳಿಯದ ಛಾಯಾಗ್ರಾಹಕರಿಗೆ ನನ್ನ ಕೃತಜ್ಞತೆಗಳು. ಸಭೆಯಲ್ಲಿ ಅಲ್ಲಲ್ಲಿ ಕೆಲವು ಹಿರಿಯರು ತಮ್ಮ ಕೊರಳ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿರುವುದು ಇಲ್ಲಿಂದ ಕಾಣುತ್ತಿದೆ. ನಿಮಗೆ, ವಿಶೇಷವಾಗಿ ನಿಮಗೆ, ನನ್ನ ನಮಸ್ಕಾರ.